ಮಳೆಗಾಲದ ತೋಟಾ, ಮನೆಯ ಕೋವಿ

ತೋಟವಿದ್ದ ಮನೆಯಲ್ಲಿ ಒಂದು ಕೋವಿಯೂ ಇರುವುದು ಮಲೆನಾಡು, ಕೊಡಗು ಮತ್ತು ಘಟ್ಟದ ಕೆಳಗಿನ ಊರುಗಳಲ್ಲಿ ಹಳೆಯ ವಾಡಿಕೆ. ಬೆಳೆರಕ್ಷಣೆಗೆಂದು ಇಟ್ಟುಕೊಂಡ ಈ ಕೋವಿ ವರ್ಷದ ಹೆಚ್ಚಿನ ದಿನ ಮೂಲೆಯಲ್ಲಿಯೇ ಇರುತ್ತದೆ. ಪಂಪುಸೆಟ್ಟಿಗೂ ಸಿಂಪಡಿಸುವ ಯಂತ್ರಕ್ಕೂ ನಮ್ಮ ಸದಸ್ಯರು ತೋರಿಸುವ ಕಾಳಜಿ ಇದಕ್ಕೆ ದೊರೆಯುವುದು ಕಡಿಮೆ. ಪಂಪು ಕೆಟ್ಟರೆ ಒಂದು ದಿನದ ಬೋರ್ಡೋ ಸಿಂಪಡಣೆ ತಪ್ಪೀತು. ನಳಿಗೆ ಒಡೆದರೆ ಅದನ್ನು ಹಿಡಿದ ಎಡಗೈಯೇ ಹೋದೀತು. ಆದ್ದರಿಂದ ತೋಟಾದ ಆಯ್ಕೆ ಮತ್ತು ಅದರಿಂದ ಬರುವ ತೊಂದರೆಗಳ ಬಗ್ಗೆ ನಾಲ್ಕು ಮಾತು ಬರೆಯಬೇಕೆನಿಸಿತು.

ನಮ್ಮಲ್ಲಿ ಹೆಚ್ಚಾಗಿರುವುದು 12 ಬೋರಿನ ಕೋವಿ. ಒಂದು ಪೌಂಡು ಸೀಸದಿಂದ ಸಮನಾದ ಹನ್ನೆರಡು ಗುಂಡು ಮಾಡಿದರೆ ಅದರಲ್ಲೊಂದು ಹಿಡಿಸುವಷ್ಟು ಅಗಲದ ನಳಿಗೆ ಎಂಬುದೇ ಈ ಸಂಖ್ಯೆಯ ಅರ್ಥ. ಅಳತೆಯಲ್ಲಿ ಸುಮಾರು 18.5 ಮಿಲಿಮೀಟರು. ಬೋರು ಸರಿಯಿದ್ದರೆ ಎಲ್ಲ ತೋಟಾವೂ ಸರಿ ಎಂದು ತಿಳಿಯುವವರು ಬಹಳ. ಉದ್ದವನ್ನೂ ನೋಡಬೇಕು. ಅಜ್ಜನ ಕಾಲದಿಂದ ಬಂದ ಅನೇಕ ವಿಲಾಯತಿ ಕೋವಿಗಳ ತೋಟಾಮನೆ ಎರಡೂವರೆ ಇಂಚು, ಅಂದರೆ 65 ಮಿಲಿಮೀಟರು. ಈಗ ಅಂಗಡಿಯಲ್ಲಿ ಸಾಮಾನ್ಯವಾಗಿ ದೊರೆಯುವುದು ಎರಡೂಮುಕ್ಕಾಲು ಇಂಚಿನ, 70 ಮಿಲಿಮೀಟರಿನ ತೋಟಾ. ಇಲ್ಲೊಂದು ಮೋಸವಿದೆ. ತೋಟಾದ ಉದ್ದವೆಂದು ಪೆಟ್ಟಿಗೆಯ ಮೇಲೆ ಬರೆದಿರುವುದು ಸುಟ್ಟು ಬಾಯಿ ಬಿಚ್ಚಿಕೊಂಡ ಮೇಲಿನ ಉದ್ದ. ಸುಡುವ ಮೊದಲು ಬಾಯಿ ಮಡಚಿರುವುದರಿಂದ ಉದ್ದನೆಯ ತೋಟಾ ಗಿಡ್ಡ ಮನೆಯಲ್ಲಿಯೂ ಸಲೀಸಾಗಿ ಕುಳಿತುಕೊಳ್ಳುತ್ತದೆ, ಕೋವಿಯೂ ಮುಚ್ಚುತ್ತದೆ. ಈಡು ಹಾರಿಸಿದಾಗ ಮಡಿಕೆ ಬಿಚ್ಚಲು ಜಾಗ ಸಾಲದೆ ನಳಿಗೆಯ ಕಿರಿದಾದ ಭಾಗಕ್ಕೆ ನುಗ್ಗಿ, ಒತ್ತಡ ಏರುತ್ತದೆ. ಭುಜಕ್ಕೆ ಎಂದಿಗಿಂತ ಹೆಚ್ಚು ಪೆಟ್ಟು ಬಿದ್ದರೆ ಮೊದಲು ಇದನ್ನೇ ಅನುಮಾನಿಸಬೇಕು. ಉದ್ದದ ಗುರುತನ್ನು ನಳಿಗೆಯ ಬುಡದಲ್ಲಿ, ಅಡಿಭಾಗದಲ್ಲಿ ಕೊರೆದಿರುತ್ತಾರೆ. ಗುರುತು ಕಾಣದಿದ್ದರೆ, ಅಥವಾ ನಳಿಗೆಯ ಮೈಮೇಲೆ ಮರದ ಎಳೆಯಂತೆ ಸುತ್ತುಗೆರೆಗಳಿದ್ದರೆ (ಅದು ಕರಿಮದ್ದಿನ ಕಾಲದ್ದು), ಪರವಾನಗಿ ಪಡೆದ ಬಂದೂಕು ರಿಪೇರಿಯವರಿಗೆ ತೋರಿಸುವವರೆಗೆ ಈಗಿನ ತೋಟಾ ಹಾಕಲೇಬಾರದು.

ಇನ್ನು ಮಳೆಗಾಲ. ಕಾಗದದ ಕೊಳವೆಯ ತೋಟಾ ನಮ್ಮ ಆಷಾಢದ ಹವೆಯಲ್ಲಿ ಉಬ್ಬಿ ಕೋವಿಗೆ ಹೋಗುತ್ತಲೇ ಇರಲಿಲ್ಲ. ಪ್ಲಾಸ್ಟಿಕ್ ಬಂದ ಮೇಲೆ ಉಬ್ಬುವ ಕಾಟ ಹೋಯಿತು, ಆದರೆ ಹಿತ್ತಾಳೆಯ ಬುಡ ಕಿಲುಬು ಹಿಡಿಯುವುದೂ ಕೇಪು ತೇವ ಹೀರುವುದೂ ಪೂರ್ತಿ ತಪ್ಪಿಲ್ಲ. ಬಿಗಿ ಮುಚ್ಚಳದ ಡಬ್ಬಿಯಲ್ಲಿ ತೇವ ಹೀರುವ ಸಿಲಿಕಾ ಹರಳಿನ ಪೊಟ್ಟಣವಿಟ್ಟು, ಕೋವಿಯಿಂದ ಬೇರೆಯಾಗಿ ಬೀಗ ಹಾಕಿಡುವುದು ಒಳ್ಳೆಯದು. ಕೊಂಡ ತಿಂಗಳನ್ನು ಪೆಟ್ಟಿಗೆಯ ಮೇಲೆ ಬರೆದಿಟ್ಟರೆ ಹಳೆಯದು ಮೊದಲು ಖರ್ಚಾಗುತ್ತದೆ. ತೇವ ಹಿಡಿದ ತೋಟಾವನ್ನು ಒಲೆಯ ಮೇಲಿನ ಅಟ್ಟದಲ್ಲಿಯೋ ಅಡಿಕೆ ಒಣಗಿಸುವ ಗೂಡಿನಲ್ಲಿಯೋ ಒಣಗಿಸುವವರುಂಟು. ಅಡಿಕೆಯಲ್ಲ ಅದು!

ಕುದುರೆ ಬಿದ್ದರೂ ಈಡು ಹಾರದಿದ್ದರೆ ಕೂಡಲೇ ಕೋವಿ ಮಡಚಿ ನೋಡುವುದು ಅಪಾಯ. ಒದ್ದೆ ಕೇಪು ಕೆಲವು ಕ್ಷಣ ತಡೆದು ಹೊತ್ತಿಕೊಂಡೀತು. ನಳಿಗೆಯನ್ನು ಜನ, ದನ ಇಲ್ಲದ ಕಡೆಗೆ ಹಿಡಿದೇ ಒಂದು ನಿಮಿಷ ಕಾದು ಆಮೇಲೆ ತೆಗೆಯಬೇಕು. ತೆಗೆದ ತೋಟಾದ ಕೇಪು ನೋಡಿದರೆ ದೋಷ ಎಲ್ಲಿಯದೆಂದು ಬಹುಮಟ್ಟಿಗೆ ತಿಳಿಯುತ್ತದೆ. ಗುಳಿ ಆಳವಾಗಿದ್ದರೆ ತೋಟಾ ಕೆಟ್ಟಿದೆ. ಗುಳಿ ತೇಲಿಬಿದ್ದಂತಿದ್ದರೆ ಕೋವಿಯ ಮೊಳೆ ಸವೆದಿದೆ, ಸ್ಪ್ರಿಂಗು ಸಡಿಲಾಗಿದೆ, ಇಲ್ಲವೇ ಹಳೆಯ ಎಣ್ಣೆ ಅಂಟಾಗಿ ಮೊಳೆಯನ್ನು ಹಿಡಿದಿದೆ. ತೆಂಗಿನೆಣ್ಣೆ ಬಳಿಯುವ ಮನೆಗಳಲ್ಲಿ ಈ ಕಡೆಯ ಕಾರಣವೇ ಹೆಚ್ಚು. ಕೋವಿಗೆ ತೆಳುವಾದ ಯಂತ್ರದ ಎಣ್ಣೆಯೇ ತಕ್ಕದ್ದು. ಸುಟ್ಟ ತೋಟಾ ಹೊರಗೆ ಬಾರದೆ ಕಚ್ಚಿಕೊಂಡರೆ ತೋಟಾಮನೆಯಲ್ಲಿ ತುಕ್ಕಿನ ಗುಳಿ ಬಿದ್ದಿರಬಹುದು.

ಎಲ್ಲಕ್ಕಿಂತ ಭಯಪಡಬೇಕಾದ್ದು "ಟುಸ್" ಎಂದು ಸಣ್ಣ ಸದ್ದಾಗುವ ಈಡಿಗೆ. ಬಟ್ಟೆಯೋ ಚರೆಯೋ ನಳಿಗೆಯ ನಡುವೆ ನಿಂತಿರುತ್ತದೆ. ಹಂದಿ ಎದುರಿಗಿದ್ದರೂ ಸರಿಯೆ, ಕೋವಿ ಖಾಲಿ ಮಾಡಿ ನಳಿಗೆಯ ಆಚೆ ಬೆಳಕು ಕಾಣುವುದೇ ಎಂದು ನೋಡದೆ ಎರಡನೆಯ ತೋಟಾ ಹಾಕಕೂಡದು. 20 ಬೋರಿನ ತೋಟಾವೂ 12 ಬೋರಿನದೂ ಒಂದೇ ಜೇಬಿನಲ್ಲಿರಬಾರದೆಂಬುದಕ್ಕೂ ಇದೇ ಕಾರಣ: ಸಣ್ಣದು ಒಳಕ್ಕೆ ಜಾರಿ ಮುಂದೆ ಸಿಕ್ಕಿಕೊಳ್ಳುತ್ತದೆ, ಹಿಂದಿನಿಂದ ದೊಡ್ಡದೂ ಕುಳಿತುಕೊಳ್ಳುತ್ತದೆ.

ಖಾಲಿ ತೋಟಾಕ್ಕೆ ಮನೆಯಲ್ಲಿಯೇ ಮದ್ದು ತುಂಬಿದರೆ ಉಳಿತಾಯವಲ್ಲವೇ ಎಂದು ಕೇಳುವವರಿದ್ದಾರೆ. ಹಿಂದೆ ಎಸ್ಟೇಟು ಬಂಗಲೆಗಳಲ್ಲಿ ಕೇಪು ಕೂರಿಸುವ, ಬಾಯಿ ಮಡಚುವ ಕೈಸಲಕರಣೆಗಳಿದ್ದುದುಂಟು. ಕರಿಮದ್ದನ್ನು ಅಳೆಯುವ ಬಟ್ಟಲಿನಿಂದಲೇ ಹೊಗೆಯಿಲ್ಲದ ಮದ್ದನ್ನು ಅಳೆದು ಹಾಕಿ ಒಡೆದುಹೋದ ನಳಿಗೆಗಳು ಆ ಕಾಲದ ಸಾಮಾನ್ಯ ಕಥೆ. ಎರಡರ ಬಲ ಬೇರೆ ಬೇರೆ. ಈಗ 1959ರ ಶಸ್ತ್ರ ಕಾಯಿದೆಯ ಐದನೆಯ ಕಲಮಿನಂತೆ ಪರವಾನಗಿಯಿಲ್ಲದೆ ಮದ್ದುಗುಂಡು ತಯಾರಿಸುವುದೇ ಅಪರಾಧ. ಕೋವಿ ಇಟ್ಟುಕೊಳ್ಳುವ ಪರವಾನಗಿ ಇದಕ್ಕೆ ಸಲ್ಲುವುದಿಲ್ಲ. ಹತ್ತಿಪ್ಪತ್ತು ತೋಟಾದಲ್ಲಿ ಉಳಿಯುವ ಹಣಕ್ಕೆ ಈ ತಲೆನೋವು ಬೇಡವೆಂಬುದು ನಮ್ಮ ಅಭಿಪ್ರಾಯ. ಕೆಟ್ಟ ತೋಟಾವನ್ನು ಸುಡಬೇಡಿ, ಬಾವಿಗೆ ಎಸೆಯಬೇಡಿ. ಠಾಣೆಗೆ ಬರೆದು ತಿಳಿಸಿ ಒಪ್ಪಿಸಿ.

ಚುನಾವಣೆಯ ವೇಳೆಯಲ್ಲಿ ಕೋವಿ ಠಾಣೆಯಲ್ಲಿಡಬೇಕಾಗಿ ಬಂದರೆ ಮೊದಲೇ ಎಣ್ಣೆ ಹಚ್ಚಿ, ಸಂಖ್ಯೆ ನಮೂದಾದ ರಸೀದಿ ಪಡೆಯಿರಿ. ಮರಳಿ ತಂದಾಗ ನಳಿಗೆಯೊಳಗೆ ನೋಡುವುದನ್ನು ಮಾತ್ರ ಬಿಡಬಾರದು. ಕುಂಬಾರ ಹುಳಕ್ಕೆ ಮಣ್ಣಿನ ಗೂಡು ಕಟ್ಟಲು ಇದಕ್ಕಿಂತ ಒಳ್ಳೆಯ ಕೊಳವೆ ಬೇರೆ ಸಿಗದು.

ಕೋವಿ ಇದ್ದಮಾತ್ರಕ್ಕೆ ಪ್ರಾಣಿ ಹೊಡೆಯುವ ಅಧಿಕಾರ ಬಂತೆಂದಲ್ಲ. 1972ರ ವನ್ಯಜೀವಿ ಕಾಯಿದೆಯಂತೆ, ಬೆಳೆ ಹಾಳುಮಾಡುವ ಹಂದಿಯನ್ನು ಹೊಡೆಯಲೂ ಅಧಿಕಾರವುಳ್ಳವರ ಲಿಖಿತ ಅಪ್ಪಣೆ ಬೇಕು. ತೋಟದ ಕಾವಲುಗಾರನ ಕೈಗೆ ಕೋವಿ ಕೊಡುವುದಾದರೆ ಅವನ ಹೆಸರು ಪರವಾನಗಿಯಲ್ಲಿ ಕಾಣಿಸಿರಬೇಕು.

ಕೊಡಗಿನಲ್ಲಿ ಸೆಪ್ಟೆಂಬರ್ ಮೊದಲಲ್ಲಿ ಕೈಲ್‌ಪೊಳ್ದಿಗೆ, ಉಳಿದೆಡೆ ಆಯುಧಪೂಜೆಗೆ ಕೋವಿ ಹೊರಗೆ ಬರುತ್ತದೆ. ಹೂ ಮುಡಿಸುವ ಮೊದಲು ನಳಿಗೆ ಒರೆಸಿ, ಚರ್ಮದ ಚೀಲದಲ್ಲಿಟ್ಟಿದ್ದರೆ ತೆಗೆದು (ಚರ್ಮ ತೇವ ಹಿಡಿಯುತ್ತದೆ), ಪರವಾನಗಿ ಪುಸ್ತಕವನ್ನೂ ಜೊತೆಗೆ ಬಿಚ್ಚಿ ನೋಡಿಕೊಳ್ಳಿ. 2019ರ ತಿದ್ದುಪಡಿಯ ಮೇಲೆ ಅವಧಿ ಮೂರರ ಬದಲು ಐದು ವರ್ಷವಾಗಿರುವುದರಿಂದ ಮುಗಿಯುವ ತಾರೀಖು ಮರೆತುಹೋಗುವುದು ಈಗ ಇನ್ನೂ ಸುಲಭ.