ಜ್ವರ ಬಿಟ್ಟರೆ ನ್ಯುಮೋನಿಯಾ ಬಿಟ್ಟಂತಲ್ಲ

ನ್ಯುಮೋನಿಯಾ ಆಗಿ ತಿಪಟೂರಿನಲ್ಲೋ ತುಮಕೂರಿನಲ್ಲೋ ಆಸ್ಪತ್ರೆಯಲ್ಲಿದ್ದು ಹುಳಿಯಾರು ಕಡೆಯ ಮನೆಗೆ ಮರಳಿದವರಿಗೆ ಮೊದಲು ಸಿಗುವ ಉಪಚಾರ ಇದು: ‘ಏಳ್ಬ್ಯಾಡ ಕಣಪ್ಪ, ಕಂಬ್ಳಿ ಹೊದ್ಕಂಡು ಮಲಿಕ್ಕ.’ ಪ್ರೀತಿಯ ಮಾತೇ, ಆದರೆ ಕೆಡುಕು ಮಾಡುತ್ತದೆ. ದಿನವಿಡೀ ಅಂಗಾತ ಮಲಗಿದವರ ಶ್ವಾಸಕೋಶದ ಕೆಳಭಾಗಕ್ಕೆ ಗಾಳಿ ಸರಿಯಾಗಿ ಇಳಿಯದೆ ಕಫ ಅಲ್ಲೇ ಉಳಿಯುತ್ತದೆ. ವಯಸ್ಸಾದವರ ಕಾಲಿನ ಬಲ ಕೆಲವೇ ದಿನಗಳಲ್ಲಿ ಕುಗ್ಗುತ್ತದೆ. ಊಟವನ್ನು ಕೂತೇ ಮಾಡಲಿ. ಮೊದಲು ಜಗಲಿವರೆಗೆ, ಮರುದಿನ ಅಂಗಳಕ್ಕೆ, ಚೇತರಿಸಿದಂತೆ ತೋಟದ ಬೇಲಿವರೆಗೆ ನಡೆಯಲಿ. ಮಾತು ಪೂರೈಸಲಾಗದಷ್ಟು ಏದುಸಿರು ಬಂದರೆ ಕೂರಿಸಿ.

‘ಸ್ನಾನ ಮಾಡಿಸಿದರೆ ತಿರುಗಿ ಬರುತ್ತೆ’ ಎನ್ನುವುದೂ ಸುಳ್ಳು. ಬಿಸಿನೀರಿನ ಸ್ನಾನ ತೊಂದರೆಯಲ್ಲ, ಹಂಡೆ ಕಾಯಿಸುವ ಹೊಗೆ ತೊಂದರೆ. ಕಫವನ್ನು ಮೇಲಕ್ಕೆ ನೂಕುವ ಕೂದಲೆಳೆಗಿಂತ ಸಣ್ಣ ರೋಮಗಳು ನಮ್ಮ ಉಸಿರುನಾಳದಲ್ಲಿವೆ. ಸೋಂಕಿನಿಂದ ಮೊದಲೇ ಸೊರಗಿದ ಅವುಗಳಿಗೆ ತೆಂಗಿನ ಮಟ್ಟೆ, ಗರಿ, ಚಿಪ್ಪು ಉರಿಸಿದ ಹೊಗೆ ಇನ್ನೊಂದು ಪೆಟ್ಟು. ಶೀತ ಬಿಡಲೆಂದು ಬಚ್ಚಲೊಲೆಯ ಮುಂದೆ ಕೂರಿಸಬೇಡಿ; ಸಾಂಬ್ರಾಣಿ, ಬೀಡಿ ಹೊಗೆಯೂ ಬೇಡ. ಅಟ್ಟದಿಂದ ಕಾಯಿ ಇಳಿಸಿ ಕೊಬ್ಬರಿ ಸುಲಿಯುವ ದಿನ ಆ ಧೂಳಿನಿಂದ ರೋಗಿಯನ್ನು ದೂರವಿಡಿ.

ತೆಂಗಿನ ಸೀಮೆಯಲ್ಲಿದ್ದೂ ಎಳನೀರನ್ನು ‘ಶೀತ’ವೆಂದು ದೂರವಿಡುವುದು ನೋಡಿದರೆ ಸಂಕಟವಾಗುತ್ತದೆ. ನ್ಯುಮೋನಿಯಾ ತರುವುದು ರೋಗಾಣು, ಎಳನೀರಲ್ಲ. ಬಾಯಿ ರುಚಿ ಕೆಟ್ಟವರಿಗೆ ಅದು ಸುಲಭವಾಗಿ ಇಳಿಯುತ್ತದೆ. ಮೂತ್ರಪಿಂಡದ ಕಾಯಿಲೆ ಇದ್ದವರು, ಹೃದಯಕ್ಕೋ ಬಿ.ಪಿ.ಗೋ ಮಾತ್ರೆ ನುಂಗುವವರು ಮಾತ್ರ ವೈದ್ಯರನ್ನು ಕೇಳಿಯೇ ಕುಡಿಯಬೇಕು, ಅದರಲ್ಲಿ ಪೊಟ್ಯಾಸಿಯಂ ಹೆಚ್ಚು.

ಜ್ವರ ಇಳಿದರೂ ಬರೆದುಕೊಟ್ಟಷ್ಟು ದಿನ ಮಾತ್ರೆ ನುಂಗಿಸಿ. ಕೆಮ್ಮು ಉಳಿದಿದೆಯೆಂದು ಮೆಡಿಕಲ್ ಶಾಪಿನಿಂದ ಇನ್ನೊಂದು ಆಂಟಿಬಯೋಟಿಕ್ ತರುವುದೂ ತಪ್ಪೇ. ಕೆಮ್ಮು ತಗ್ಗಲು ಆರು ವಾರ ಹಿಡಿಯಬಹುದು, ಸುಸ್ತು ಮೂರು ತಿಂಗಳಾದರೂ ಇರಬಹುದು. ಆದರೆ ಎರಡೂ ದಿನೇ ದಿನೇ ಇಳಿಮುಖವಾಗಿರಬೇಕು. ಇಳಿಯದಿದ್ದರೆ, ಸಂಜೆ ಜ್ವರ ಬರುತ್ತಿದ್ದರೆ, ತೂಕ ಕರಗುತ್ತಿದ್ದರೆ ಸರ್ಕಾರಿ ಆಸ್ಪತ್ರೆಯಲ್ಲಿ ಕ್ಷಯದ ಕಫ ಪರೀಕ್ಷೆ ಉಚಿತವಾಗಿದೆ, ಮಾಡಿಸಿ.

ಎಲ್ಲಕ್ಕಿಂತ ಅಪಾಯದ ನಂಬಿಕೆ, ‘ಮೈ ಬಿಸಿಯಿಲ್ಲ, ಭಯವಿಲ್ಲ’ ಎಂಬುದು. ವೃದ್ಧರಲ್ಲಿ ಸೋಂಕು ಮರುಕಳಿಸಿದರೂ ಜ್ವರ ಬರದಿರಬಹುದು. ಮನೆಯವರ ಗುರುತು ತಪ್ಪುವುದು, ಊಟ ಬಿಟ್ಟು ಮಂಪರಿನಲ್ಲಿರುವುದು, ಕೂತಲ್ಲೇ ಉಸಿರು ಮೇಲೆ ಬರುವುದು, ತುಟಿ ನೀಲಿಗಟ್ಟುವುದು, ಇವುಗಳಲ್ಲಿ ಒಂದು ಕಂಡರೂ ಬೆಳಗಾಗಲಿ ಎಂದು ಕಾಯದೆ 108ಕ್ಕೆ ಕರೆ ಮಾಡಿ. ಡಿಸ್ಚಾರ್ಜ್ ಚೀಟಿ, ಎಕ್ಸ್-ರೇ, ನುಂಗುತ್ತಿರುವ ಮಾತ್ರೆಗಳು ಜೊತೆಗೇ ಹೋಗಲಿ.