ಮನೆಯವರ ಮನಸ್ಸಿಗೆ ಕಾಯಿಲೆಯಾದಾಗ ಯಾರನ್ನು ಕಾಣಬೇಕು?



ಕಳೆದ ಕೊಯ್ಲಿನ ಸಮಯದಲ್ಲಿ ನಮ್ಮ ಸಂಘದ ಹಿರಿಯ ಸದಸ್ಯರೊಬ್ಬರು ಅಡಿಕೆ ತೂಕ ಮುಗಿಸಿ, ಚೀಟಿಯನ್ನು ಕಿಸೆಗೆ ಹಾಕಿಕೊಂಡ ಮೇಲೂ ಹೊರಡದೆ ಕುಳಿತೇ ಇದ್ದರು. ಉಳಿದವರೆಲ್ಲ ಹೋದ ಮೇಲೆ ಮೆಲ್ಲಗೆ ಕೇಳಿದರು: "ಮನೆಯವಳಿಗೆ ಮೂರು ತಿಂಗಳಿಂದ ರಾತ್ರಿ ನಿದ್ದೆಯಿಲ್ಲ, ಊಟ ಸೇರುವುದಿಲ್ಲ. ಒಬ್ಬಳೇ ಕುಳಿತು ಅಳುತ್ತಾಳೆ. ಅಮೆರಿಕದಲ್ಲಿರುವ ಮಗಳು, ಸೈಕಿಯಾಟ್ರಿಕ್ ನರ್ಸ್ ಪ್ರಾಕ್ಟೀಷನರ್ ಯಾರಾದರೂ ಇದ್ದರೆ ತೋರಿಸಿ ಅಪ್ಪಾ ಎಂದು ಫೋನು ಮಾಡುತ್ತಾಳೆ. ನಮ್ಮ ಕಡೆ ಅಂಥವರು ಎಲ್ಲಿದ್ದಾರೆ ಮಾರಾಯ್ರೆ?"

ಅಂದು ನಮ್ಮಲ್ಲಿ ಸರಿಯಾದ ಉತ್ತರವಿರಲಿಲ್ಲ. ಬಳಿಕ ವಿಚಾರಿಸಿ ತಿಳಿದುಕೊಂಡ ಸಂಗತಿಗಳನ್ನು ಎಲ್ಲ ಸದಸ್ಯರ ತಿಳುವಳಿಕೆಗಾಗಿ ಇಲ್ಲಿ ಕೊಡಲಾಗಿದೆ. ಇಂಥ ಪ್ರಶ್ನೆ ಒಂದು ಮನೆಯದಷ್ಟೇ ಅಲ್ಲ. ನಿಮ್ಹಾನ್ಸ್ ಸಂಸ್ಥೆಯು 2015-16ರಲ್ಲಿ 12 ರಾಜ್ಯಗಳಲ್ಲಿ ನಡೆಸಿದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ವಯಸ್ಕರಲ್ಲಿ 100ಕ್ಕೆ 10ಕ್ಕಿಂತ ತುಸು ಹೆಚ್ಚು ಮಂದಿಗೆ ಯಾವುದಾದರೊಂದು ಮಾನಸಿಕ ತೊಂದರೆಯಿತ್ತು. ಖಿನ್ನತೆ, ಆತಂಕದಂತಹ ಸಾಮಾನ್ಯ ಕಾಯಿಲೆಯಿದ್ದವರಲ್ಲಿ 100ಕ್ಕೆ ಸುಮಾರು 85 ಮಂದಿ ಚಿಕಿತ್ಸೆಯನ್ನೇ ಪಡೆಯುತ್ತಿರಲಿಲ್ಲ.

ಅಲ್ಲಿಯ ಪದ್ಧತಿ, ಇಲ್ಲಿಯ ಪದ್ಧತಿ

ಅಮೆರಿಕದಲ್ಲಿ ನರ್ಸ್ ಪ್ರಾಕ್ಟೀಷನರ್ ತರಬೇತಿ ಆರಂಭವಾದದ್ದು 1965ರಲ್ಲಿ, ಕೊಲೊರಾಡೊ ವಿಶ್ವವಿದ್ಯಾಲಯದಲ್ಲಿ. ನರ್ಸಿಂಗ್‌ನಲ್ಲಿ ಉನ್ನತ ಪದವಿ ಪಡೆದ ಇವರು ರೋಗಿಯನ್ನು ಪರೀಕ್ಷಿಸಿ, ಕಾಯಿಲೆ ಯಾವುದೆಂದು ನಿರ್ಧರಿಸಿ, ಔಷಧಿಯನ್ನೂ ಬರೆದುಕೊಡುತ್ತಾರೆ. ಅಲ್ಲಿಯ ಸುಮಾರು ಅರ್ಧದಷ್ಟು ರಾಜ್ಯಗಳಲ್ಲಿ ಇದಕ್ಕೆ ವೈದ್ಯರ ಮೇಲ್ವಿಚಾರಣೆಯೂ ಬೇಕಿಲ್ಲ. ಮಾನಸಿಕ ಕಾಯಿಲೆಗಳಲ್ಲಿ ವಿಶೇಷ ತರಬೇತಿ ಹೊಂದಿದವರೇ ಆ ಮಗಳು ಹೇಳಿದ ಸೈಕಿಯಾಟ್ರಿಕ್ ನರ್ಸ್ ಪ್ರಾಕ್ಟೀಷನರ್.

ನಮ್ಮ ದೇಶದಲ್ಲಿ ಈ ವ್ಯವಸ್ಥೆಯಿಲ್ಲ. ಇಲ್ಲಿ ಮಾನಸಿಕ ಕಾಯಿಲೆಯನ್ನು ನಿರ್ಧರಿಸಿ ಔಷಧಿ ಬರೆಯುವವರು ವೈದ್ಯರು. ಆದರೆ ಮಾನಸಿಕ ಶುಶ್ರೂಷೆಯಲ್ಲಿ ತರಬೇತಿ ಪಡೆದ ನರ್ಸುಗಳು ನಮ್ಮಲ್ಲಿಯೂ ಬಹಳ ಕಾಲದಿಂದ ಇದ್ದಾರೆ. ಬೆಂಗಳೂರಿನಲ್ಲಿ ಹಿಂದಿನ ಮಾನಸಿಕ ಆಸ್ಪತ್ರೆಯೂ 1954ರಲ್ಲಿ ಆರಂಭವಾದ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯೂ ಒಂದಾಗಿ 1974ರಲ್ಲಿ ನಿಮ್ಹಾನ್ಸ್ ಆಯಿತು. ನರ್ಸುಗಳಿಗೆ ಈ ವಿಶೇಷ ತರಬೇತಿಯನ್ನು ಅಲ್ಲಿ ದಶಕಗಳಿಂದ ಕೊಡಲಾಗುತ್ತಿದೆ. 1980ರ ದಶಕದಲ್ಲಿ ಅದೇ ಸಂಸ್ಥೆಯವರು ಬಳ್ಳಾರಿ ಜಿಲ್ಲೆಯ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೂ ಸಿಬ್ಬಂದಿಗೂ ತರಬೇತಿ ಕೊಟ್ಟು, ಇಂಥ ಕಾಯಿಲೆಗೆ ಊರ ಹತ್ತಿರವೇ ಚಿಕಿತ್ಸೆ ಸಾಧ್ಯವೆಂದು ಮಾಡಿ ತೋರಿಸಿದರು. ಆ ಮಾದರಿಯ ಮೇಲೆ 1996ರಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಆರಂಭವಾಯಿತು. ಅದರ ತಂಡದಲ್ಲಿ ಮನೋವೈದ್ಯರು, ಮನಶ್ಶಾಸ್ತ್ರಜ್ಞರು, ಸಮಾಜ ಕಾರ್ಯಕರ್ತರು, ಇವರೊಂದಿಗೆ ಮಾನಸಿಕ ಶುಶ್ರೂಷಕರ ಹುದ್ದೆಯೂ ಇದೆ.

ಆದ್ದರಿಂದ ನಾವು ಮಾಡಬೇಕಾದದ್ದು ಇಷ್ಟು: ಕಾಯಿಲೆ ಯಾವುದೆಂದು ತಿಳಿಯಲು ವೈದ್ಯರಿಗೆ ತೋರಿಸಬೇಕು, ತಿಂಗಳುಗಟ್ಟಲೆ ನಡೆಯುವ ಚಿಕಿತ್ಸೆ ಕೈತಪ್ಪದಂತೆ ನೋಡಿಕೊಳ್ಳಲು ನರ್ಸ್ ಒಬ್ಬರ ಪರಿಚಯ ಮಾಡಿಕೊಳ್ಳಬೇಕು.

ಯಾವಾಗ ತೋರಿಸಬೇಕು?

ಬೆಲೆ ಕುಸಿದಾಗ, ಮಳೆಗೆ ಕಾಯಿ ಉದುರಿದಾಗ ಬೇಸರ ಯಾರಿಗಾದರೂ ಆಗುವುದೇ. ಆದರೆ ಬೇಸರವು ಎರಡು ವಾರ ದಾಟಿಯೂ ಇಳಿಯದೆ, ನಿದ್ದೆ, ಹಸಿವು, ದಿನದ ಕೆಲಸಗಳನ್ನು ಕೆಡಿಸಿದರೆ ಅದನ್ನು ಕಾಯಿಲೆಯೆಂದೇ ತಿಳಿದು ವಿಚಾರಿಸಬೇಕು. ತೋಟಕ್ಕೆ ಇಳಿಯುವುದನ್ನೇ ಬಿಟ್ಟವರು, ಬ್ಯಾಂಕಿನ ಕಾಗದವನ್ನು ಒಡೆಯದೆ ಗೂಡಿನಲ್ಲಿಡುವವರು, ಪಕ್ಕದವರು ಗಡಿಕಲ್ಲು ಸರಿಸಿದ್ದಾರೆ, ಊಟಕ್ಕೆ ಏನೋ ಹಾಕಿದ್ದಾರೆ ಎಂದು ಆಧಾರವಿಲ್ಲದೆ ಶಂಕಿಸುತ್ತ ರಾತ್ರಿಯೆಲ್ಲ ಎಚ್ಚರವಿರುವವರು, ಹೆರಿಗೆಯಾದ ಮೇಲೆ ಮಗುವನ್ನೂ ನೋಡದೆ ಮಂಕಾದ ತಾಯಂದಿರು, ಇವರನ್ನು "ಸ್ವಭಾವವೇ ಹಾಗೆ" ಎಂದು ಬಿಟ್ಟುಬಿಡಬಾರದು. ಲೈನ್ ಮನೆಗಳಲ್ಲಿರುವ ಕೆಲಸದವರಿಗೂ ಈ ಮಾತು ಅಷ್ಟೇ ಅನ್ವಯಿಸುತ್ತದೆ.

ಬೆಳಿಗ್ಗೆ ಎದ್ದೊಡನೆ ಕುಡಿತ ಬೇಕಾಗುವವರ ವಿಷಯದಲ್ಲಿ ಒಂದು ಎಚ್ಚರಿಕೆ. ಬಹಳ ಕುಡಿಯುವವರು ಒಮ್ಮೆಲೇ ನಿಲ್ಲಿಸಿದರೆ ನಡುಕ, ಭ್ರಮೆ, ಫಿಟ್ಸ್ ಬರಬಹುದು; ಜೀವಕ್ಕೂ ಅಪಾಯವಾಗಬಹುದು. ಮನೆಯಲ್ಲಿ ಕೂಡಿಹಾಕಿ ಬಿಡಿಸಲು ಹೋಗದೆ ವೈದ್ಯರ ಕಣ್ಣೆದುರಿಗೆ ಬಿಡಿಸಬೇಕು.

ಹರಕೆ, ದೈವ, ದೇವರು ಬೇಡವೆಂದು ನಾವು ಹೇಳುವುದಿಲ್ಲ. ಅದರಿಂದ ಮನಸ್ಸಿಗೆ ಧೈರ್ಯ ಬರುವುದಾದರೆ ಬರಲಿ. ಆದರೆ ಹರಕೆ ಮುಗಿಯಲೆಂದು ಔಷಧಿಯನ್ನು ಮುಂದೂಡಬಾರದು.

ಎಲ್ಲಿ ವಿಚಾರಿಸಬೇಕು?

1. ಊರಿನ ಆಶಾ ಕಾರ್ಯಕರ್ತೆಯನ್ನು ಅಥವಾ ಉಪಕೇಂದ್ರದ ಸಮುದಾಯ ಆರೋಗ್ಯ ಅಧಿಕಾರಿಯನ್ನು ಕೇಳಿರಿ. ಸಮುದಾಯ ಆರೋಗ್ಯ ಅಧಿಕಾರಿಗಳು ನರ್ಸಿಂಗ್ ಕಲಿತವರು. ಮಾನಸಿಕ ತೊಂದರೆಗಳನ್ನು ಗುರುತಿಸಿ ಮುಂದಕ್ಕೆ ಕಳುಹಿಸುವುದೂ ಅವರ ಕೆಲಸದಲ್ಲಿ ಸೇರಿದೆ.

2. ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯಾಧಿಕಾರಿಗೆ ತೋರಿಸಿರಿ. ಥೈರಾಯ್ಡ್ ತೊಂದರೆ, ರಕ್ತಹೀನತೆಗಳೂ ಖಿನ್ನತೆಯಂತೆಯೇ ಕಾಣಬಹುದಾದ್ದರಿಂದ ರಕ್ತ ಪರೀಕ್ಷೆ ಬರೆದುಕೊಟ್ಟರೆ ತಪ್ಪದೆ ಮಾಡಿಸಬೇಕು.

3. ತಾಲ್ಲೂಕು ಆಸ್ಪತ್ರೆಯಲ್ಲಿ "ಮನೋಚೈತನ್ಯ" ಚಿಕಿತ್ಸಾ ದಿನ ಯಾವುದೆಂದು ಕೇಳಿರಿ. ಮನೋವೈದ್ಯರು ಮಂಗಳವಾರದಂದು ತಾಲ್ಲೂಕು ಆಸ್ಪತ್ರೆಗಳಿಗೆ ಬಂದು ನೋಡಬೇಕೆಂಬುದು ಈ ಕಾರ್ಯಕ್ರಮದ ಉದ್ದೇಶ. ನಿಮ್ಮ ತಾಲ್ಲೂಕಿಗೆ ಯಾವ ಮಂಗಳವಾರ ಬರುತ್ತಾರೆಂಬುದನ್ನು ಮೊದಲೇ ತಿಳಿದು ಹೋದರೆ ಒಂದು ದಿನದ ಕೆಲಸ ಕೆಡುವುದಿಲ್ಲ.

4. ಮಡಿಕೇರಿ, ಹಾಸನ, ಶಿವಮೊಗ್ಗ, ಕಾರವಾರ, ಚಿಕ್ಕಮಗಳೂರುಗಳ ಸರ್ಕಾರಿ ವೈದ್ಯಕೀಯ ಕಾಲೇಜುಗಳ ಆಸ್ಪತ್ರೆಯಲ್ಲಿ ಮನೋವೈದ್ಯ ವಿಭಾಗವನ್ನು ಕೇಳಿರಿ. ಹೆಚ್ಚಿನ ಚಿಕಿತ್ಸೆಗೆ ಬೆಂಗಳೂರಿನ ನಿಮ್ಹಾನ್ಸ್, ಧಾರವಾಡದ ಡಿಮ್ಹಾನ್ಸ್ ಸಂಸ್ಥೆಗಳಿವೆ.

5. ಎಲ್ಲಿಗೆ ಹೋಗಬೇಕೆಂದೇ ತೋಚದಿದ್ದರೆ 14416ಕ್ಕೆ ಫೋನು ಮಾಡಿರಿ. ಇದು 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿಮಾನಸ್ ಸೇವೆ. ಹಗಲು ರಾತ್ರಿ ಯಾವಾಗ ಬೇಕಾದರೂ, ಖರ್ಚಿಲ್ಲದೆ, ಕನ್ನಡದಲ್ಲಿಯೇ ಮಾತನಾಡಬಹುದು.

ಮನೆಯಲ್ಲಿ ನೋಡಿಕೊಳ್ಳಲು ಖಾಸಗಿಯಾಗಿ ನರ್ಸನ್ನು ಇಟ್ಟುಕೊಳ್ಳುವವರು ಅವರ ಹೆಸರು ರಾಜ್ಯದ ಶುಶ್ರೂಷಾ ಪರಿಷತ್ತಿನಲ್ಲಿ ನೋಂದಣಿಯಾಗಿದೆಯೇ ಎಂದು ಪ್ರಮಾಣಪತ್ರ ನೋಡಿಯೇ ಒಪ್ಪಬೇಕು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆಯು ಮಾನಸಿಕ ಆರೋಗ್ಯ ನರ್ಸ್ ಎಂದು ಗುರುತಿಸುವುದು ನೋಂದಣಿಯಾದವರನ್ನು ಮಾತ್ರ. ರೋಗಿಯನ್ನು ಕಟ್ಟಿಹಾಕಿ, ಸರಪಳಿ ಬಿಗಿದು ಇಡುವುದನ್ನೂ ಈ ಕಾಯಿದೆ ನಿಷೇಧಿಸಿದೆ.

ನರ್ಸ್ ಮಾಡುವ ಕೆಲಸವೇನು?

ವೈದ್ಯರಿಗೆ ನಿಮ್ಮ ಮನೆಯವರ ಜೊತೆ ಕಳೆಯಲು ಸಿಗುವ ಸಮಯ ಕಡಿಮೆ. ಉಳಿದದ್ದನ್ನು ತುಂಬಿಕೊಡುವವರು ನರ್ಸ್. ರೋಗಿಯ ಮಾತನ್ನು ಕೇಳಿ ಬರೆದುಕೊಳ್ಳುವುದು, ತೂಕ ಮತ್ತು ರಕ್ತದೊತ್ತಡ ನೋಡುವುದು, ಯಾವ ಮಾತ್ರೆ ಯಾವಾಗ ಎಂದು ಮನೆಯವರಿಗೆ ಅರ್ಥವಾಗುವಂತೆ ಹೇಳುವುದು, ಕೈ ನಡುಕ, ಅತಿಯಾದ ನಿದ್ದೆ ಮೊದಲಾದ ಅಡ್ಡ ಪರಿಣಾಮಗಳನ್ನು ಗುರುತಿಸಿ ವೈದ್ಯರಿಗೆ ತಿಳಿಸುವುದು ಇವರ ಕೆಲಸ. ದಿನವೂ ಮಾತ್ರೆ ನುಂಗಲು ಒಪ್ಪದ ಕೆಲವು ರೋಗಿಗಳಿಗೆ ವೈದ್ಯರು ವಾರಗಟ್ಟಲೆ ಕೆಲಸ ಮಾಡುವ ಇಂಜೆಕ್ಷನ್ ಬರೆಯುವುದುಂಟು. ಅದನ್ನು ಹೊತ್ತಿಗೆ ಸರಿಯಾಗಿ ಕೊಡುವವರೂ ಇವರೇ.

ಮೊದಲ ಸಲ ಹೋಗುವಾಗ ರೋಗಿಯೊಂದಿಗೆ ವಾಸವಾಗಿರುವ ಒಬ್ಬರು ಜೊತೆಗಿರಬೇಕು. ಹಳೆಯ ಚೀಟಿಗಳು, ಈಗ ನುಂಗುತ್ತಿರುವ ಎಲ್ಲ ಮಾತ್ರೆಗಳ ಪಟ್ಟಿ, ತೊಂದರೆ ಎಂದಿನಿಂದ, ಹೇಗೆ ಶುರುವಾಯಿತೆಂಬುದರ ನಾಲ್ಕು ಸಾಲಿನ ಬರಹ, ಇಷ್ಟನ್ನು ಒಯ್ಯಿರಿ. ಹೊರಡುವ ಮೊದಲು ನರ್ಸನ್ನು ಈ ಪ್ರಶ್ನೆಗಳನ್ನು ಕೇಳಲು ಸಂಕೋಚಪಡಬೇಡಿ:

ಈ ಮಾತ್ರೆ ಎಷ್ಟು ದಿನಕ್ಕೆ ಹತ್ತುತ್ತದೆ?
ಒಂದು ಹೊತ್ತು ಮರೆತರೆ ಏನು ಮಾಡಬೇಕು?
ಯಾವ ಲಕ್ಷಣ ಕಂಡರೆ ಕೂಡಲೇ ಬರಬೇಕು?
ಮುಂದಿನ ಭೇಟಿ ಎಂದು? ಬರಲಾಗದಿದ್ದರೆ ಯಾರಿಗೆ ತಿಳಿಸಬೇಕು?

ಉತ್ತರಗಳನ್ನು ಚೀಟಿಯ ಹಿಂದೆಯೇ ಬರೆಸಿಕೊಳ್ಳುವುದು ಒಳ್ಳೆಯದು.

ಮಾತ್ರೆಯನ್ನು ನಡುವೆ ಬಿಡಬಾರದು

ಖಿನ್ನತೆಯ ಮಾತ್ರೆ ಇಂದು ನುಂಗಿ ನಾಳೆ ಗುಣ ಕಾಣುವಂಥದ್ದಲ್ಲ. ಪರಿಣಾಮ ತಿಳಿಯಲು ಸಾಮಾನ್ಯವಾಗಿ ಎರಡರಿಂದ ನಾಲ್ಕು ವಾರ ಬೇಕು. ಗುಣವಾದ ಮೇಲೂ ಹಲವು ತಿಂಗಳು ಮುಂದುವರಿಸಬೇಕಾಗುತ್ತದೆ. ಕೊಳೆರೋಗಕ್ಕೆ ಮಳೆಗೆ ಮೊದಲು ಒಂದು ಸಲ ಮದ್ದು ಹೊಡೆದು, ಕೊಳೆ ಕಾಣಲಿಲ್ಲವೆಂದು ಎರಡನೆಯ ಸಲದ ಮದ್ದನ್ನು ಬಿಟ್ಟವರ ತೋಟ ಏನಾಗುತ್ತದೆಂಬುದು ನಮಗೆಲ್ಲ ಗೊತ್ತಿದೆ. ಇದೂ ಹಾಗೆಯೇ. ಖಿನ್ನತೆಯ ಮಾತ್ರೆಗಳು ಚಟ ಹಿಡಿಸುತ್ತವೆಂಬ ಭಯ ತಪ್ಪು. ಆದರೆ ಒಮ್ಮೆಲೇ ನಿಲ್ಲಿಸಿದರೆ ತೊಂದರೆಯಾಗಬಹುದಾದ್ದರಿಂದ ವೈದ್ಯರು ಹೇಳಿದಂತೆ ನಿಧಾನವಾಗಿ ಇಳಿಸಬೇಕು. ಚಟವಾಗುವ ಸಂಭವವಿರುವುದು ಕೆಲವು ಬಗೆಯ ನಿದ್ದೆ ಮಾತ್ರೆಗಳಿಂದ. ಅವನ್ನು ಚೀಟಿಯಿಲ್ಲದೆ ಅಂಗಡಿಯಿಂದ ತರಿಸಿ ನುಂಗಬಾರದು.

ನಮ್ಮ ಕಡೆ ಚಿಕಿತ್ಸೆ ತಪ್ಪುವ ಕಾಲ ಎರಡು. ಒಂದು, ಜೂನ್‌ನಿಂದ ಆಗಸ್ಟ್‌ವರೆಗೆ ಮರ ಬಿದ್ದು, ಗುಡ್ಡ ಕುಸಿದು ರಸ್ತೆ ಮುಚ್ಚುವ ಸಮಯ. ಇನ್ನೊಂದು, ಅಡಿಕೆ ಕೊನೆ ಇಳಿಸುವ, ಕಾಫಿ ಕೊಯ್ಯುವ ಸಮಯ. ಮಳೆ ಹಿಡಿಯುವ ಮೊದಲೇ ನರ್ಸಿಗೆ ಹೇಳಿ, ವೈದ್ಯರು ಒಪ್ಪಿದಷ್ಟು ಮಾತ್ರೆಗಳನ್ನು ತಂದಿಟ್ಟುಕೊಳ್ಳಬೇಕು. ಅದು ಮನೆಯ ಇನ್ನೊಬ್ಬರ ವಶದಲ್ಲಿರಲಿ. ಕೊಯ್ಲಿನ ಸಮಯದ ಭೇಟಿಯ ದಿನವನ್ನು ಆಳುಗಳ ಲೆಕ್ಕದ ಪುಸ್ತಕದಲ್ಲಿಯೇ ಬರೆದಿಡಿ.

ತಡಮಾಡಬಾರದ ಸಂದರ್ಭ

"ನಾನಿದ್ದು ಪ್ರಯೋಜನವಿಲ್ಲ", "ಸಾಲ ನನ್ನೊಂದಿಗೇ ಮುಗಿಯಲಿ" ಎಂಬ ಮಾತು ಯಾರ ಬಾಯಿಂದ ಬಂದರೂ ಲಘುವಾಗಿ ತೆಗೆದುಕೊಳ್ಳಬಾರದು. ಸಾಯುವ ಯೋಚನೆ ಬರುತ್ತಿದೆಯೇ ಎಂದು ನೇರವಾಗಿಯೇ ಕೇಳಿರಿ. ಕೇಳುವುದರಿಂದ ಇಲ್ಲದ ಯೋಚನೆ ಹುಟ್ಟುವುದಿಲ್ಲ; ಒಳಗಿದ್ದದ್ದನ್ನು ಹೇಳಿಕೊಳ್ಳಲು ದಾರಿಯಾಗುತ್ತದೆ. ಅವರನ್ನು ಒಬ್ಬರನ್ನೇ ಬಿಡದೆ 14416ಕ್ಕೆ ಫೋನು ಮಾಡಿ, ಆ ದಿನವೇ ಆಸ್ಪತ್ರೆಗೆ ಕರೆದೊಯ್ಯಿರಿ.

ತೋಟದ ಮನೆಗಳಲ್ಲಿ ಕೀಟನಾಶಕ, ಕಳೆನಾಶಕಗಳು ಕೈಗೆಟುಕುವಲ್ಲಿಯೇ ಇರುತ್ತವೆ. ಅವನ್ನು ಮನೆಯ ಹೊರಗೆ, ಬೀಗ ಹಾಕಿದ ಪೆಟ್ಟಿಗೆಯಲ್ಲಿಟ್ಟು ಕೀಲಿಯನ್ನು ಬೇರೊಬ್ಬರ ಕೈಗೆ ಕೊಡಬೇಕು. ಉಳಿದ ಮದ್ದನ್ನು ಮನೆಯಲ್ಲಿ ಇಟ್ಟುಕೊಳ್ಳಲೇಬಾರದು. ಸಾಯಬೇಕೆಂಬ ಆವೇಗ ಅನೇಕರಲ್ಲಿ ಸ್ವಲ್ಪ ಹೊತ್ತಿನದು. ಆ ಹೊತ್ತಿನಲ್ಲಿ ವಿಷ ಕೈಗೆ ಸಿಗದಿದ್ದರೆ ಜೀವ ಉಳಿಯುವುದುಂಟು.

ಅನಾಹುತ ನಡೆದೇಹೋದರೆ 108ಕ್ಕೆ ಕರೆ ಮಾಡಿ, ಮದ್ದಿನ ಡಬ್ಬದೊಂದಿಗೆ ನೇರ ಆಸ್ಪತ್ರೆಗೆ ಹೋಗಬೇಕು. ಪೊಲೀಸ್ ಕೇಸಾಗುತ್ತದೆಂದು ಹೆದರಿ ಮನೆಯಲ್ಲೇ ಹೊತ್ತು ಕಳೆಯಬಾರದು. 2017ರ ಕಾಯಿದೆಯ 115ನೆಯ ಕಲಮಿನಂತೆ, ಆತ್ಮಹತ್ಯೆಗೆ ಯತ್ನಿಸಿದವರು ತೀವ್ರ ಮಾನಸಿಕ ಒತ್ತಡದಲ್ಲಿದ್ದರೆಂದು ಭಾವಿಸಬೇಕು. ಬೇರೆ ರೀತಿ ಸಾಬೀತಾಗದ ಹೊರತು ಅವರನ್ನು ಶಿಕ್ಷಿಸುವಂತಿಲ್ಲ.

ಕೊನೆಯ ಮಾತು

ಆ ಹಿರಿಯ ಸದಸ್ಯರು ಮರುವಾರವೇ ಪತ್ನಿಯನ್ನು ತಾಲ್ಲೂಕು ಆಸ್ಪತ್ರೆಗೆ ಕರೆದೊಯ್ದರು. ಮೊದಲ ಎರಡು ವಾರ ಏನೂ ಗುಣ ಕಾಣದೆ ಮಾತ್ರೆ ನಿಲ್ಲಿಸಬೇಕೆಂದಿದ್ದರಂತೆ. ಅಲ್ಲಿಯ ನರ್ಸ್, "ಇನ್ನೆರಡು ವಾರ ನೋಡಿ ಅಮ್ಮ" ಎಂದು ಧೈರ್ಯ ಹೇಳಿದ್ದರಿಂದ ಮುಂದುವರಿಸಿದರು. ಈಗ ಆಕೆಗೆ ರಾತ್ರಿ ನಿದ್ದೆ ಬರುತ್ತಿದೆ. ಚಿಕಿತ್ಸೆ ಇನ್ನೂ ನಡೆದಿದೆ. ಇದನ್ನು ಬರೆಯಲು ಅವರೇ ಒಪ್ಪಿಗೆ ಕೊಟ್ಟರು. "ಹೆಸರು ಹಾಕಬೇಡಿ, ಆದರೆ ಮಂಗಳವಾರ ಎಂಬುದನ್ನು ಮಾತ್ರ ತಪ್ಪದೆ ಹಾಕಿ" ಎಂದರು.

ತೂಕದ ದಿನ ಯಾರಾದರೂ ಹೊರಡದೆ ಕುಳಿತದ್ದು ಕಂಡರೆ, ಸದಸ್ಯರು ಒಂದು ಕಾಫಿ ಕುಡಿಯುವಷ್ಟು ಹೊತ್ತು ಅವರ ಜೊತೆ ಕುಳಿತು ವಿಚಾರಿಸಬೇಕೆಂದು ಕೋರುತ್ತೇವೆ.