ಹೆಬ್ಬೆರಳಿಗೆ ಬೇಕಾದ ಬಟನ್

2011ರ ಫೆಬ್ರುವರಿಯಲ್ಲಿ ಜಪಾನಿನ ನಿಂಟೆಂಡೊ ಕಂಪನಿ 3ಡಿಎಸ್ ಎಂಬ ಹ್ಯಾಂಡ್‌ಹೆಲ್ಡ್ ಗೇಮ್ ಕನ್ಸೋಲನ್ನು ಬಿಡುಗಡೆ ಮಾಡಿತು. ಕನ್ನಡಕವಿಲ್ಲದೆಯೇ ಚಿತ್ರದ ಆಳ ಕಾಣಿಸುವ ಪರದೆ, ಬೆಲೆ 25,000 ಯೆನ್. ಆಗಸ್ಟ್ ಹೊತ್ತಿಗೆ ಅದೇ ಯಂತ್ರ 15,000 ಯೆನ್‌ಗೆ ಇಳಿದಿತ್ತು. ಆರು ತಿಂಗಳೂ ತುಂಬದ ಸರಕಿಗೆ ಇಷ್ಟು ದೊಡ್ಡ ಕಡಿತವೆಂದರೆ ಒಳಗೆ ಗಾಬರಿ ಹುಟ್ಟಿದೆ ಎಂದೇ ಅರ್ಥ. ಕಂಪನಿಯ ಅಧ್ಯಕ್ಷ ಸತೋರು ಇವಾಟಾ ತಮ್ಮ ಸಂಬಳವನ್ನು ಅರ್ಧಕ್ಕೆ ಇಳಿಸಿಕೊಂಡರು.

ಇದೇ ಕಂಪನಿಯ ಹಿಂದಿನ ಯಂತ್ರ ನಿಂಟೆಂಡೊ ಡಿಎಸ್ 2004ರಲ್ಲಿ ಬಂದು, ಒಟ್ಟು 15 ಕೋಟಿಗೂ ಹೆಚ್ಚು ಮಾರಾಟವಾಗಿತ್ತು. 3ಡಿಎಸ್ ಬೆಲೆ ಇಳಿದ ಮೇಲೆ ಚೇತರಿಸಿಕೊಂಡರೂ ಅದರ ಅರ್ಧಕ್ಕೇ ನಿಂತಿತು. ಎರಡರ ನಡುವೆ 2008ರ ಜುಲೈನಲ್ಲಿ ಆಪಲ್ ಕಂಪನಿಯ ಆ್ಯಪ್ ಸ್ಟೋರ್ ತೆರೆದಿತ್ತು. ಹೇಗೂ ಜೇಬಿನಲ್ಲಿರುವ ಫೋನಿನಲ್ಲೇ ಒಂದು ಡಾಲರಿಗೆ, ಎಷ್ಟೋ ಸಲ ಪುಕ್ಕಟೆಯಾಗಿ ಆಟ ಸಿಗುವಾಗ, ಆಟಕ್ಕೆಂದೇ ಇನ್ನೊಂದು ಯಂತ್ರ ಕೊಂಡು, ಅದಕ್ಕೆ ಮೂವತ್ತು ನಲವತ್ತು ಡಾಲರಿನ ಕಾರ್ಟ್ರಿಡ್ಜ್ ಹಾಕುವವರು ಎಷ್ಟು ಮಂದಿ? ಬಸ್ಸಿಗೆ ಕಾಯುವ ಹತ್ತು ನಿಮಿಷ ಕಳೆಯಲು ಹ್ಯಾಂಡ್‌ಹೆಲ್ಡ್ ಹಿಡಿಯುತ್ತಿದ್ದವರೆಲ್ಲ ಹೊರಟುಹೋದರು. ಅವರನ್ನು ದೂರುವಂತಿಲ್ಲ.

ಸೋನಿಯ ಹ್ಯಾಂಡ್‌ಹೆಲ್ಡ್ ಪಿಎಸ್ ವೀಟಾಗೆ ಇನ್ನೂ ಕೆಟ್ಟ ಗತಿ ಬಂತು. 2011ರ ಡಿಸೆಂಬರಿನಲ್ಲಿ ಬಂದ ಅದರಲ್ಲಿ ಐದು ಇಂಚಿನ ಓಎಲ್ಇಡಿ ಪರದೆ, ಎರಡು ಅನಲಾಗ್ ಸ್ಟಿಕ್, ಹಿಂಬದಿಯಲ್ಲೂ ಟಚ್ ಇತ್ತು. ಆದರೆ ಅದಕ್ಕೆ ಸೋನಿಯದೇ ಪ್ರತ್ಯೇಕ ಅಳತೆಯ ದುಬಾರಿ ಮೆಮೊರಿ ಕಾರ್ಡ್ ಬೇಕಿತ್ತು. ಅಂಗಡಿಯಲ್ಲಿ ಸಾಮಾನ್ಯ ಕಾರ್ಡ್ ಅಗ್ಗವಾಗಿ ಸಿಗುತ್ತಿದ್ದ ಕಾಲದಲ್ಲಿ ಈ ಹಟ ಅದಕ್ಕೆ ಮುಳುವಾಯಿತು. 2019ರಲ್ಲಿ ಜಪಾನಿನಲ್ಲೂ ಅದರ ತಯಾರಿಕೆ ನಿಂತಿತು.

ಇಷ್ಟು ನೋಡಿದರೆ ಹ್ಯಾಂಡ್‌ಹೆಲ್ಡ್‌ಗಳ ಕಥೆ ಮುಗಿಯಿತು ಎನಿಸುತ್ತದೆ. 2012ರ ಸುಮಾರಿಗೆ ಬಹಳ ಜನ ಹಾಗೇ ಬರೆದರು. ಆದರೆ ಆ ಲೆಕ್ಕದಲ್ಲಿ ಜೇಬಿತ್ತು, ಬೆಲೆಯಿತ್ತು. ಹೆಬ್ಬೆರಳು ಇರಲಿಲ್ಲ.

ಫೋನಿನ ಗಾಜಿನ ಅಡಿಯಲ್ಲಿ ಕಣ್ಣಿಗೆ ಕಾಣದಷ್ಟು ತೆಳುವಾದ ವಾಹಕದ ಜಾಲ ಹರಡಿರುತ್ತದೆ. ವಿದ್ಯುತ್ತು ಹರಿಯಬಲ್ಲ ನಮ್ಮ ಬೆರಳು ಹತ್ತಿರ ಬಂದಾಗ ಆ ಜಾಗದ ವಿದ್ಯುತ್ ಧಾರಣೆ ಚೂರು ಬದಲಾಗುತ್ತದೆ. ಫೋನಿನ ಚಿಪ್ ಸೆಕೆಂಡಿಗೆ ಹತ್ತಾರು ಸಲ, ಈಗಿನ ಒಳ್ಳೆಯ ಫೋನುಗಳಲ್ಲಿ ನೂರಾರು ಸಲ, ಇಡೀ ಜಾಲವನ್ನು ಜಾಲಾಡಿ ಬೆರಳು ಎಲ್ಲಿದೆ ಎಂದು ಲೆಕ್ಕ ಹಾಕುತ್ತದೆ. ಒಂದು ಫೋಟೊ ಹಿಗ್ಗಿಸಲು, ಪುಟ ಸರಿಸಲು ಇದಕ್ಕಿಂತ ಸೊಗಸಾದ ವ್ಯವಸ್ಥೆ ಇಲ್ಲ. ಆದರೆ ಇಲ್ಲಿ ಮಾಹಿತಿ ಒಂದೇ ಕಡೆಗೆ ಹರಿಯುತ್ತದೆ. ಬೆರಳು ಎಲ್ಲಿದೆ ಎಂದು ಫೋನಿಗೆ ಗೊತ್ತು. ತಾನು ಬಟನ್ ಮೇಲೆ ಇದ್ದೇನೋ ಅದರ ಅಂಚಿನಿಂದ ಜಾರಿದ್ದೇನೋ ಎಂಬುದು ಬೆರಳಿಗೆ ಗೊತ್ತಿಲ್ಲ. ಗಾಜು ಎಲ್ಲ ಕಡೆಯೂ ಒಂದೇ ನುಣುಪು. ಸಾಲದ್ದಕ್ಕೆ ಎರಡು ಹೆಬ್ಬೆರಳು ಸೇರಿ ಪರದೆಯ ಎರಡು ಮೂಲೆಗಳನ್ನು ಮುಚ್ಚಿಬಿಡುತ್ತವೆ.

ಇದರ ಪಕ್ಕದಲ್ಲಿ ನಿಂಟೆಂಡೊದ ಹಳೆಯ ಹ್ಯಾಂಡ್‌ಹೆಲ್ಡ್ ಗೇಮ್ ಬಾಯ್ ಒಂದನ್ನು ಬಿಚ್ಚಿ ನೋಡಬೇಕು. ಎಡಗಡೆ ಅಧಿಕ ಚಿಹ್ನೆಯ ಆಕಾರದ ಪ್ಲಾಸ್ಟಿಕ್ ತುಂಡು. ಅದನ್ನು ಎಡಕ್ಕೆ ಒತ್ತಿದರೆ ಬಲಭಾಗ ಮೇಲೇಳುತ್ತದೆ, ಹಾಗಾಗಿ ಎರಡೂ ದಿಕ್ಕು ಒಟ್ಟಿಗೆ ಒತ್ತಿಹೋಗುವುದಿಲ್ಲ. ಅದರ ಕೆಳಗೆ ರಬ್ಬರಿನ ಹಾಳೆ, ನಾಲ್ಕು ದಿಕ್ಕಿಗೂ ಒಂದೊಂದು ಪುಟ್ಟ ಗುಮ್ಮಟ, ಪ್ರತಿ ಗುಮ್ಮಟದ ಒಳಗೆ ಇಂಗಾಲ ಬೆರೆಸಿದ ಕಪ್ಪು ಬಿಲ್ಲೆ. ಒತ್ತಿದಾಗ ಗುಮ್ಮಟ ತಟ್ಟನೆ ಕುಸಿದು, ಬಿಲ್ಲೆ ಸರ್ಕ್ಯೂಟ್ ಬೋರ್ಡಿನ ಎರಡು ಗೆರೆಗಳನ್ನು ಜೋಡಿಸುತ್ತದೆ. ಇಷ್ಟೇ ಯಂತ್ರ. ಆ ಕುಸಿತವನ್ನು ಬೆರಳ ತುದಿಯ ನರಗಳು ಗುರುತಿಸುತ್ತವೆ: ಒತ್ತಿದ್ದಾಯಿತು ಎಂಬ ಸುದ್ದಿ ಕಣ್ಣಿನ ಸಹಾಯವಿಲ್ಲದೆ ಮಿದುಳಿಗೆ ಮುಟ್ಟುತ್ತದೆ. ಕಣ್ಣು ಆಟದ ಮೇಲೇ ಇರಬಹುದು. ಈ ದಿಕ್ಕಿನ ಬಟನನ್ನು 1982ರಲ್ಲಿ ಪುಟ್ಟ ಎಲೆಕ್ಟ್ರಾನಿಕ್ ಆಟವೊಂದಕ್ಕೆ ಅಳವಡಿಸಿದವರು ನಿಂಟೆಂಡೊದ ಗುನ್ಪೇಯಿ ಯೊಕೊಯಿ. ನಾಲ್ಕು ದಶಕ ಕಳೆದರೂ ಅದನ್ನು ಮೀರಿಸುವುದು ಹುಟ್ಟಿಲ್ಲ ಎಂದೇ ನನ್ನ ನಂಬಿಕೆ.

1989ರ ಗೇಮ್ ಬಾಯ್ ಕೂಡ ಯೊಕೊಯಿ ತಂಡದ್ದೇ. ಬಣ್ಣವಿಲ್ಲ, ಬೆಳಕಿಲ್ಲ, ನಾಲ್ಕೇ ಛಾಯೆಗಳ ಹಸಿರು ಪರದೆ. ಪ್ರತಿಸ್ಪರ್ಧಿ ಸೆಗಾದ ಗೇಮ್ ಗಿಯರ್ ಬಣ್ಣ ಬಣ್ಣವಾಗಿ ಮಿನುಗುತ್ತಿತ್ತು, ಆದರೆ ಆರು ಪೆನ್ಸಿಲ್ ಸೆಲ್ ನುಂಗಿ ಕೆಲವೇ ತಾಸಿನಲ್ಲಿ ನಿಂತುಹೋಗುತ್ತಿತ್ತು. ಗೇಮ್ ಬಾಯ್ ನಾಲ್ಕೇ ಸೆಲ್ಲಿನಲ್ಲಿ ಹತ್ತು ತಾಸಿಗೂ ಮೀರಿ ಓಡುತ್ತಿತ್ತು. ಅಗ್ಗವಾದ, ಪಳಗಿದ ಬಿಡಿಭಾಗಗಳಿಂದಲೇ ಹೊಸದನ್ನು ಕಟ್ಟಬೇಕೆಂಬುದು ಯೊಕೊಯಿಯವರ ಪಟ್ಟು.

ಬಟನ್ ಇಲ್ಲದ ಕೊರತೆ ಎಷ್ಟೆಂದು ತಿಳಿಯಲು ನಿಂಟೆಂಡೊದ ಊರಾದ ಕ್ಯೋಟೊಗೆ ಹೋಗಬೇಕಿಲ್ಲ. ನಮ್ಮಲ್ಲಿ ಬಿಜಿಎಂಐ ಎಂಬ ಶೂಟಿಂಗ್ ಆಟ ಆಡುವ ಹುಡುಗರ ಫೋನ್ ನೋಡಿದರೆ ಸಾಕು. ಮೇಲಿನ ಅಂಚಿಗೆ ಎರಡು ಟ್ರಿಗರ್ ಸಿಕ್ಕಿಸಿರುತ್ತಾರೆ. ಅದನ್ನು ಎಳೆದಾಗ ಒಳಗಿನ ವಾಹಕ ತುದಿ ಗಾಜನ್ನು ಮುಟ್ಟಿ ಬೆರಳಿನ ಕೆಲಸ ಮಾಡುತ್ತದೆ. ಬೆವರಿಗೆ ಜಾರದಿರಲೆಂದು ಹೆಬ್ಬೆರಳಿಗೆ ವಾಹಕ ನೂಲಿನ ತೆಳು ಚೀಲ. ಕೆಲವರ ಫೋನಿನ ಬೆನ್ನಿಗೆ ಒಂದು ಪುಟ್ಟ ಫ್ಯಾನ್! ಹೀಗೆ ಒಂದೊಂದೇ ಅಂಟಿಸುತ್ತ ಹೋದರೆ ಫೋನು ಗೇಮ್ ಕನ್ಸೋಲೇ ಆಗುತ್ತದೆ.

ಆ ಫ್ಯಾನಿಗೂ ಗಟ್ಟಿ ಕಾರಣವಿದೆ. ಚಿಪ್ಪನ್ನು ವೇಗವಾಗಿ ಓಡಿಸಬೇಕಾದರೆ ವೋಲ್ಟೇಜ್ ಏರಿಸಬೇಕು. ವೋಲ್ಟೇಜ್ ದುಪ್ಪಟ್ಟಾದರೆ ಖರ್ಚಾಗುವ ವಿದ್ಯುತ್ತು ನಾಲ್ಕು ಪಟ್ಟಾಗುತ್ತದೆ, ವೇಗ ಏರಿದ್ದಕ್ಕೆ ಇನ್ನಷ್ಟು ಸೇರುತ್ತದೆ. ಅದೆಲ್ಲವೂ ಕೊನೆಗೆ ಶಾಖ. ನೀರು, ಧೂಳು ಹೋಗದಂತೆ ಮುಚ್ಚಿದ ಫೋನಿನಿಂದ ಆ ಶಾಖ ಹೊರಮೈಯ ಮೂಲಕವೇ ಹೊರಬರಬೇಕು. ಬಿಸಿ ಮಿತಿ ಮೀರಿದಾಗ ಚಿಪ್ ತಾನಾಗಿ ವೇಗ ತಗ್ಗಿಸಿಕೊಳ್ಳುತ್ತದೆ. ಮೊದಲ ಹತ್ತು ನಿಮಿಷ ನುಣುಪಾಗಿ ಓಡಿದ ಆಟ ಆಮೇಲೆ ತಡವರಿಸುವುದು ಇದರಿಂದ. ಇನ್ನು ಬ್ಯಾಟರಿ: ಚಹಾದ ದುಡ್ಡನ್ನೂ ಫೋನಿನಿಂದಲೇ ಕೊಡುವ ಈ ಕಾಲದಲ್ಲಿ ಅದನ್ನು ಆಟಕ್ಕೆ ಸುರಿಯಲು ಧೈರ್ಯ ಬೇಕು.

2017ರ ಮಾರ್ಚಿನಲ್ಲಿ ಬಂದ ನಿಂಟೆಂಡೊ ಸ್ವಿಚ್ ಈ ಗಂಟನ್ನು ಬಿಡಿಸಿದ ಬಗೆ ನನಗೆ ಬಹಳ ಮೆಚ್ಚಿಗೆ. ಅದರ ಹೃದಯದಲ್ಲಿರುವುದು ಎನ್ವಿಡಿಯಾದ ಟೆಗ್ರಾ ಎಕ್ಸ್1, ಗೂಗಲ್‌ನ ಪಿಕ್ಸೆಲ್ ಸಿ ಟ್ಯಾಬ್ಲೆಟ್ಟಿನಲ್ಲೂ ಇದ್ದ ಚಿಪ್. ಲಿಥಿಯಂ ಬ್ಯಾಟರಿ, ಟಚ್ ಪರದೆ, ಅಲುಗಾಟ ಗುರುತಿಸುವ ಸೆನ್ಸರ್‌ಗಳು, ಫ್ಲ್ಯಾಶ್ ಮೆಮೊರಿ ಎಲ್ಲವೂ ಫೋನುಗಳಿಗಾಗಿ ಕೋಟಿಗಟ್ಟಲೆ ತಯಾರಾಗಿ ಅಗ್ಗವಾದ ಸರಕೇ. ಅದಕ್ಕೆ ನಿಜವಾದ ಬಟನ್, ಒಂದು ಫ್ಯಾನ್, ಟಿವಿಗೆ ಜೋಡಿಸುವ ಡಾಕ್ ಸೇರಿಸಿದರು. ಬಸ್ ಸ್ಟಾಪಿನ ಹತ್ತು ನಿಮಿಷವನ್ನು ಫೋನಿಗೇ ಬಿಟ್ಟು, ಗಂಟೆಗಟ್ಟಲೆ ಕೂತು ಆಡುವವರನ್ನು ಹಿಡಿದರು. ಸ್ವಿಚ್ 15 ಕೋಟಿ ದಾಟಿತು. 2022ರಲ್ಲಿ ವಾಲ್ವ್ ಕಂಪನಿ ಪಿಸಿ ಆಟಗಳನ್ನೇ ಕೈಗೆ ತರುವ ಸ್ಟೀಮ್ ಡೆಕ್ ಬಿಟ್ಟಿತು.

ಇಷ್ಟಾದರೂ ಕಂಟಕ ತಪ್ಪಿಲ್ಲ. ಪುಕ್ಕಟೆ ಆಟಗಳಿಗೆ ಒಗ್ಗಿದ ಮಕ್ಕಳಿಗೆ ಒಂದು ಆಟಕ್ಕೆ ಸಾವಿರಾರು ರೂಪಾಯಿ ಕೊಡುವುದು ವಿಚಿತ್ರವಾಗಿ ಕಾಣುತ್ತದೆ. ಆದರೆ ಫೋನಿನ ಆಟಗಳ ಆಯುಷ್ಯವನ್ನೂ ಲೆಕ್ಕಕ್ಕೆ ಹಿಡಿಯಬೇಕು. 2017ರಲ್ಲಿ ಐಫೋನಿನ ಐಓಎಸ್ 11 ಬಂದಾಗ 32 ಬಿಟ್‌ನ ಹಳೆಯ ಆ್ಯಪ್‌ಗಳು ತೆರೆಯುವುದನ್ನೇ ನಿಲ್ಲಿಸಿದವು. ದುಡ್ಡು ಕೊಟ್ಟು ಕೊಂಡ ಎಷ್ಟೋ ಆಟಗಳೂ ಅದರಲ್ಲೇ ಹೋದವು. ಕನ್ಸೋಲ್ ಕಂಪನಿಗಳೂ ಸಾಚಾ ಅಲ್ಲ, 3ಡಿಎಸ್‌ನ ಆನ್‌ಲೈನ್ ಅಂಗಡಿ 2023ರ ಮಾರ್ಚಿನಲ್ಲಿ ಮುಚ್ಚಿತು. ಕಾರ್ಟ್ರಿಡ್ಜ್ ಇಟ್ಟುಕೊಂಡವರ ಆಟ ಮಾತ್ರ ಇನ್ನೂ ಅವರ ಕೈಯಲ್ಲೇ ಇದೆ.